ಗೌರವಧನ: ಕೇಳಲಾಗದ ಹಣದ ಲೆಕ್ಕ

ಉಪನ್ಯಾಸಕ್ಕೆ ಕರೆಯುವ ಪತ್ರಗಳ ಕೊನೆಯಲ್ಲಿ ಒಂದು ಸಾಲು ಇರುತ್ತದೆ: ‘ಕಿರು ಗೌರವಧನ ನೀಡಲಾಗುವುದು.’ ಎಷ್ಟು, ಯಾವಾಗ, ಹೇಗೆ ಎಂಬ ವಿವರ ಅಲ್ಲಿರುವುದಿಲ್ಲ. ಕರೆದವರು ಹೇಳುವುದಿಲ್ಲ, ಒಪ್ಪಿಕೊಂಡವರು ಕೇಳುವುದಿಲ್ಲ. ಸ್ಪರ್ಧೆಗೆ ತೀರ್ಪುಗಾರರಾಗಿ ಕೂತವರು, ಪಿಎಚ್‌.ಡಿ. ಪ್ರಬಂಧ ಓದಿ ವರದಿ ಬರೆದವರು, ಒಂದು ದಿನದ ಕಾರ್ಯಾಗಾರ ನಡೆಸಿಕೊಟ್ಟವರು, ಸೇವಾಸಂಸ್ಥೆಯೊಂದಕ್ಕೆ ಕಾನೂನು ಸಲಹೆ ಕೊಟ್ಟ ವಕೀಲರು, ಹೀಗೆ ಬಹಳ ಮಂದಿಗೆ ಈ ಸಾಲಿನ ಪರಿಚಯವಿದೆ. ಆದರೆ ಅದು ಎಂಥ ಹಣ, ಅದರ ಮೇಲೆ ಯಾರಿಗೆ ಎಷ್ಟು ಹಕ್ಕು, ಅದಕ್ಕೆ ತೆರಿಗೆ ಬೀಳುತ್ತದೆಯೇ, ಬೇಡವೆಂದರೆ ಏನಾಗುತ್ತದೆ ಎಂದು ಕೇಳಿದರೆ ಕೊಡುವವರೂ ತೆಗೆದುಕೊಳ್ಳುವವರೂ ತಡವರಿಸುತ್ತಾರೆ.

ಬೆಲೆ ಕಟ್ಟುವ ವಾಡಿಕೆಯಿಲ್ಲದ ಕೆಲಸಕ್ಕೆ, ಅಥವಾ ಬೆಲೆ ಕೇಳದೆ ಮಾಡಿಕೊಟ್ಟ ಕೆಲಸಕ್ಕೆ, ಕೃತಜ್ಞತೆಯ ಗುರುತಾಗಿ ಕೊಡುವ ಹಣ ಗೌರವಧನ. ಅದರ ಮೊತ್ತ ಚೌಕಾಸಿಯಿಂದ ಹುಟ್ಟುವುದಿಲ್ಲ, ಕೊಡುವವರೇ ನಿರ್ಧರಿಸುತ್ತಾರೆ. ಮಾರುಕಟ್ಟೆಯ ದರಕ್ಕೂ ಅದಕ್ಕೂ ತಾಳೆಯಾಗಬೇಕಿಲ್ಲ. ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಡಿಮೆಯೇ ಇರುತ್ತದೆ. ಕೆಲಸವೂ ದಿನನಿತ್ಯದ್ದಲ್ಲ, ಒಂದೆರಡು ಸಲ ಬಂದು ಮುಗಿಯುವಂಥದ್ದು. ಇನ್ನೊಂದು ಗುಣವಿದೆ. ಮೂಲ ಕಲ್ಪನೆಯ ಪ್ರಕಾರ, ಗೌರವಧನ ಬರದೇ ಹೋದರೆ ‘ನನ್ನ ಬಾಕಿ ಕೊಡಿ’ ಎಂದು ದಾವೆ ಹೂಡಲು ಬರುವುದಿಲ್ಲ. ಬಾಕಿ ಎನ್ನುವುದೇ ಅಲ್ಲಿಲ್ಲ. ಇಂದಿನ ಗೊಂದಲಗಳಿಗೆಲ್ಲ ಬೇರು ಈ ಗುಣದಲ್ಲೇ ಇದೆ, ಮತ್ತು ಅದಕ್ಕೆ ಎರಡು ಸಾವಿರ ವರ್ಷಕ್ಕೂ ಮೀರಿದ ಇತಿಹಾಸವಿದೆ.

ಪ್ರಾಚೀನ ರೋಮ್‌ನಲ್ಲಿ ನ್ಯಾಯಾಲಯದ ಮುಂದೆ ಇನ್ನೊಬ್ಬರ ಪರವಾಗಿ ವಾದಿಸುವುದನ್ನು ದೊಡ್ಡ ಮನೆತನದವರು ಮಾಡುವ ಉಪಕಾರವೆಂದೇ ಭಾವಿಸಲಾಗಿತ್ತು. ಕ್ರಿ.ಪೂ. 204ರ ಸಿಂಕಿಯಾ ಕಾಯ್ದೆ, ಹಾಗೆ ವಾದಿಸಿದ್ದಕ್ಕೆ ಹಣವನ್ನಾಗಲಿ ಉಡುಗೊರೆಯನ್ನಾಗಲಿ ಪಡೆಯುವುದನ್ನು ನಿಷೇಧಿಸಿತು. ಕಾಯ್ದೆ ಇದ್ದರೂ ಹಣ ಓಡಾಡುತ್ತಲೇ ಇತ್ತು. ಕ್ರಿ.ಶ. 47ರಲ್ಲಿ ಸ್ಯಾಮಿಯಸ್ ಎಂಬ ಗಣ್ಯ ಕಕ್ಷಿದಾರ, ಸುಯಿಲಿಯಸ್ ಎಂಬ ವಕೀಲನಿಗೆ 4,00,000 ಸೆಸ್ಟರ್ಸ್ ನಾಣ್ಯ ಕೊಟ್ಟಿದ್ದ. ವಕೀಲ ಎದುರಾಳಿಗಳ ಜೊತೆ ಶಾಮೀಲಾಗಿದ್ದಾನೆಂದು ಗೊತ್ತಾದಾಗ ಆ ವಕೀಲನ ಮನೆಯಲ್ಲೇ ಸ್ಯಾಮಿಯಸ್ ತನ್ನದೇ ಕತ್ತಿಯಿಂದ ಪ್ರಾಣ ಕಳೆದುಕೊಂಡ. ಸೆನೆಟ್‌ನಲ್ಲಿ ಗದ್ದಲವೆದ್ದಿತು. ಹಳೆಯ ನಿಷೇಧವನ್ನು ಬಿಗಿಯಾಗಿ ಜಾರಿಗೆ ತನ್ನಿ ಎಂದು ಒಂದು ಗುಂಪು ಪಟ್ಟು ಹಿಡಿಯಿತು. ಪ್ರತಿಫಲವೇ ಇಲ್ಲವೆಂದರೆ ಕಷ್ಟಪಟ್ಟು ವಿದ್ಯೆ ಕಲಿಯುವವರು ಯಾರು, ಎಲ್ಲರಿಗೂ ಪಿತ್ರಾರ್ಜಿತ ಆಸ್ತಿ ಇರುತ್ತದೆಯೇ ಎಂದು ಇನ್ನೊಂದು ಗುಂಪು ಕೇಳಿತು. ಚಕ್ರವರ್ತಿ ಕ್ಲಾಡಿಯಸ್ ನಡುವಿನ ದಾರಿ ಹಿಡಿದ: 10,000 ಸೆಸ್ಟರ್ಸ್‌ವರೆಗೆ ಪಡೆಯಬಹುದು, ಮೀರಿದರೆ ಸುಲಿಗೆಯ ಅಪರಾಧ. ಚಕ್ರವರ್ತಿ ಟ್ರಾಜನ್‌ನ ಕಾಲಕ್ಕೆ ಬಂದರೆ ಇನ್ನೂ ಒಂದು ಷರತ್ತು ಸೇರಿತ್ತು. ವಾದಕ್ಕಾಗಿ ಏನನ್ನೂ ಕೊಟ್ಟಿಲ್ಲ, ಕೊಡುವೆನೆಂದು ಮಾತೂ ಕೊಟ್ಟಿಲ್ಲ ಎಂದು ಕಕ್ಷಿದಾರ ಮೊದಲೇ ಪ್ರಮಾಣ ಮಾಡಬೇಕು. ಮೊಕದ್ದಮೆ ಮುಗಿದ ಮೇಲೆ ಆ ಮಿತಿಯೊಳಗೆ ಇಷ್ಟಪಟ್ಟು ಕೊಡಬಹುದು. ಕೆಲಸ ಮುಗಿದ ಮೇಲೆ, ಮೊದಲೇ ಮಾತಾಡಿಕೊಳ್ಳದೆ, ಒಂದು ಮಿತಿಯೊಳಗೆ ಎಂಬ ಇಂದಿನ ಗೌರವಧನದ ಆಕಾರ ಆಗಲೇ ಮೂಡಿತ್ತು.

ಮೂರನೇ ಶತಮಾನದ ಆರಂಭದಲ್ಲಿದ್ದ ನ್ಯಾಯಶಾಸ್ತ್ರಜ್ಞ ಉಲ್ಪಿಯನ್ ಇದನ್ನು ಇನ್ನಷ್ಟು ಬಿಡಿಸಿಟ್ಟ. ವೈದ್ಯರು, ವ್ಯಾಕರಣ ಕಲಿಸುವವರು, ವಕೀಲರು ತಮಗೆ ಸಲ್ಲಬೇಕಾದ್ದಕ್ಕಾಗಿ ಪ್ರಾಂತ್ಯದ ಅಧಿಕಾರಿಯ ಮೊರೆ ಹೋಗಬಹುದು ಎಂದ. ತತ್ತ್ವಶಾಸ್ತ್ರ ಮತ್ತು ಕಾನೂನು ಬೋಧಿಸುವವರಿಗೆ ಮಾತ್ರ ಆ ದಾರಿಯನ್ನು ಮುಚ್ಚಿದ. ಕೆಲವನ್ನು ಪಡೆಯುವುದರಲ್ಲಿ ಮರ್ಯಾದೆಗೆ ಕುಂದಿಲ್ಲ, ಕೇಳುವುದರಲ್ಲಿ ಕುಂದಿದೆ ಎಂಬುದು ಅವನ ನಿಲುವು.

ಈ ನಿಲುವು ಇಂಗ್ಲೆಂಡಿನ ಬ್ಯಾರಿಸ್ಟರ್‌ಗಳ ಲೋಕದಲ್ಲಿ ಬಹುಕಾಲ ಉಳಿಯಿತು. ಅಲ್ಲಿ ಬ್ಯಾರಿಸ್ಟರ್ ಪಡೆಯುವ ಹಣ ಕಾನೂನಿನ ಕಣ್ಣಿಗೆ ಗೌರವಧನ. ಕಕ್ಷಿದಾರ ಕೊಡದಿದ್ದರೆ ಬ್ಯಾರಿಸ್ಟರ್ ಕೋರ್ಟಿಗೆ ಹೋಗುವಂತಿರಲಿಲ್ಲ. 1863ರ ಕೆನಡಿ ಮತ್ತು ಬ್ರೌನ್ ನಡುವಣ ಮೊಕದ್ದಮೆ ಇದಕ್ಕೆ ಹೆಸರಾದ ಉದಾಹರಣೆ. ಪೇಷನ್ಸ್ ಸ್ವಿನ್‌ಫೆನ್ ಎಂಬಾಕೆಯ ಆಸ್ತಿ ವ್ಯಾಜ್ಯವನ್ನು ಬ್ಯಾರಿಸ್ಟರ್ ಕೆನಡಿ ವರ್ಷಗಟ್ಟಲೆ ನಡೆಸಿ ಗೆದ್ದುಕೊಟ್ಟ. 20,000 ಪೌಂಡ್ ಕೊಡುವುದಾಗಿ ಆಕೆ ಹೇಳಿದ್ದಳು. ಆಮೇಲೆ ಬ್ರೌನ್ ಎಂಬವರನ್ನು ಮದುವೆಯಾದಳು, ಹಣ ಬರಲಿಲ್ಲ. ಜ್ಯೂರಿ ಕೆನಡಿಯ ಪರ ನಿಂತರೂ ಮೇಲಿನ ನ್ಯಾಯಾಧೀಶರು ಒಪ್ಪಲಿಲ್ಲ. ವಕಾಲತ್ತಿಗೆ ಸಂಬಂಧಿಸಿ ಬ್ಯಾರಿಸ್ಟರ್ ಮತ್ತು ಕಕ್ಷಿದಾರರ ನಡುವೆ ಹಣದ ಕರಾರೇ ಸಾಧ್ಯವಿಲ್ಲ ಎಂದರು. ಕರಾರು ಮಾಡಿಕೊಳ್ಳಲು ಇದ್ದ ಈ ತಡೆಯನ್ನು ತೆಗೆದುಹಾಕಲು 1990ರ ಕೋರ್ಟುಗಳು ಮತ್ತು ಕಾನೂನು ಸೇವೆಗಳ ಕಾಯ್ದೆಯೇ ಬರಬೇಕಾಯಿತು.

ಈ ಇತಿಹಾಸದಲ್ಲಿ ಒಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಕೇಳದಿರುವುದೇ ಘನತೆ ಎಂಬ ನಿಯಮವನ್ನು ಕಟ್ಟಿದವರು ಕೇಳುವ ಅಗತ್ಯವೇ ಇಲ್ಲದವರು. ಜಮೀನು, ಮನೆತನ, ಬೇರೆ ವರಮಾನ ಇದ್ದವರಿಗೆ ಹಣ ತಡವಾದರೂ ಬರದಿದ್ದರೂ ನಡೆಯುತ್ತಿತ್ತು. ಇಂದು ವೇದಿಕೆ ಹತ್ತುವವರಲ್ಲಿ ಖಾಯಂ ಸಂಬಳದ ಪ್ರಾಧ್ಯಾಪಕರೂ ಇದ್ದಾರೆ, ತಿಂಗಳ ವರಮಾನ ಗೊತ್ತಿಲ್ಲದ ಅನುವಾದಕರೂ ಕಲಾವಿದರೂ ಇದ್ದಾರೆ. ತಮ್ಮ ಬದುಕಿನ ಕಷ್ಟವನ್ನೇ ಸಭೆಯ ಮುಂದೆ ಬಿಚ್ಚಿಟ್ಟು ಅನುಭವ ಹಂಚಿಕೊಳ್ಳಲು ಬರುವವರೂ ಇದ್ದಾರೆ. ಒಂದೇ ಮೌನ ಇವರೆಲ್ಲರ ಮೇಲೆ ಒಂದೇ ತೂಕದಲ್ಲಿ ಬೀಳುವುದಿಲ್ಲ.

ಗೌರವಧನವನ್ನು ಅದರ ಅಕ್ಕಪಕ್ಕದ ಹಣಗಳಿಂದ ಬೇರೆಯಾಗಿ ನೋಡಬೇಕು. ಶುಲ್ಕವೆಂದರೆ ಕೆಲಸ ಮಾಡುವವರು ಹೇಳಿದ, ಕೊಡುವವರು ಒಪ್ಪಿದ ಬೆಲೆ. ಹೆಸರಾಂತ ಭಾಷಣಕಾರರು ಏಜೆನ್ಸಿಗಳ ಮೂಲಕ ಗೊತ್ತುಮಾಡಿಕೊಳ್ಳುವ ಮೊತ್ತ ಶುಲ್ಕವೇ. ಪತ್ರಿಕೆಗಳು ಅದನ್ನು ಗೌರವಧನವೆಂದು ಬರೆದರೂ ಅದು ಶುಲ್ಕವೇ. ಸಂಬಳಕ್ಕೆ ಮಾಲೀಕ–ನೌಕರ ಸಂಬಂಧ ಬೇಕು, ಕೆಲಸದ ಮೇಲೆ ಮಾಲೀಕನ ಹಿಡಿತ ಬೇಕು. ಉಡುಗೊರೆಗೆ ಕೆಲಸದ ಜೊತೆ ನಂಟೇ ಇರುವುದಿಲ್ಲ. ಈ ಮೂರನ್ನು ಗುರುತಿಸುವುದು ಅಷ್ಟೇನೂ ಕಷ್ಟವಲ್ಲ.

ನಿಜವಾದ ಎಡವಟ್ಟು ಆಗುವುದು ಖರ್ಚಿನ ಹಣದ ವಿಷಯದಲ್ಲಿ. ಬಸ್ಸು, ರೈಲು, ವಿಮಾನದ ಟಿಕೆಟ್ಟು, ಉಳಿದುಕೊಂಡ ಕೋಣೆಯ ಬಾಡಿಗೆ, ಊಟ, ಇವಕ್ಕೆ ಕೊಡುವುದು ಗೌರವಧನವಲ್ಲ. ಬಂದವರ ಜೇಬಿನಿಂದ ಹೋದದ್ದನ್ನು ಅವರಿಗೆ ಮರಳಿಸುವುದು ಅಷ್ಟೇ. ಆದರೆ ಸಂಘಟಕರು ಅನೇಕ ಸಲ ಎರಡನ್ನೂ ಕೂಡಿಸಿ ಒಂದೇ ಲಕೋಟೆಯಲ್ಲಿ ಹಾಕಿ ‘ಪ್ರಯಾಣ ವೆಚ್ಚವೂ ಇದರಲ್ಲೇ ಸೇರಿದೆ’ ಎನ್ನುತ್ತಾರೆ. ದೂರದಿಂದ ಬಂದವರಿಗೆ ಟಿಕೆಟ್ಟಿನ ಹಣ ಕಳೆದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ; ಹತ್ತಿರದವರಿಗೆ ಪೂರ್ತಿ ಉಳಿಯುತ್ತದೆ. ಹಾಗಾಗಿ ಒಂದೇ ಮೊತ್ತ ಕೊಟ್ಟೆವು ಎಂಬ ಸಮಾನತೆ ಬರೀ ಕಾಗದದ ಮೇಲಿನದು. ಲೆಕ್ಕದ ತೊಂದರೆಯೂ ಇದೆ. ರಸೀದಿ ತೋರಿಸಿ ಪಡೆದ ಖರ್ಚಿನ ಹಣವನ್ನು ಬಹುತೇಕ ತೆರಿಗೆ ವ್ಯವಸ್ಥೆಗಳು ವರಮಾನವೆಂದು ಎಣಿಸುವುದಿಲ್ಲ. ರಸೀದಿಯಿಲ್ಲದೆ ಒಟ್ಟಾಗಿ ಕೊಟ್ಟದ್ದನ್ನು ಇಡಿಯಾಗಿ ವರಮಾನವೆಂದು ಎಣಿಸುವ ಸಾಧ್ಯತೆಯೇ ಹೆಚ್ಚು. ಆಗ ತಮ್ಮದೇ ಟಿಕೆಟ್ಟಿನ ಹಣಕ್ಕೆ ಅತಿಥಿಗಳು ತೆರಿಗೆ ಕಟ್ಟಬೇಕಾಗುತ್ತದೆ. ಇವೆರಡನ್ನು ಬೇರೆ ಬೇರೆ ಬರೆದು ಬೇರೆ ಬೇರೆ ಕೊಡುವುದು ಸಂಘಟಕರಿಗೆ ಹತ್ತು ನಿಮಿಷದ ಹೆಚ್ಚುವರಿ ಕೆಲಸ.

ಇನ್ನೊಂದು ತಪ್ಪು ತಿಳಿವಳಿಕೆ ಇದಕ್ಕಿಂತ ಆಳವಾದದ್ದು. ಗೌರವಧನ ಎಂದು ಹೆಸರಿಟ್ಟ ಮಾತ್ರಕ್ಕೆ ಒಂದು ಹಣ ಗೌರವಧನವಾಗಿಬಿಡುತ್ತದೆ, ಮಿಕ್ಕ ಹೊಣೆಗಳೆಲ್ಲ ತಪ್ಪುತ್ತವೆ ಎಂಬ ನಂಬಿಕೆ ಅದು. ಕಾನೂನು ಹಣೆಪಟ್ಟಿ ನೋಡುವುದಿಲ್ಲ, ವ್ಯವಹಾರ ನೋಡುತ್ತದೆ. ತಿಂಗಳು ತಿಂಗಳು ಒಂದೇ ಮೊತ್ತ ಬರುತ್ತಿದೆಯೇ, ಕೆಲಸದ ವೇಳೆಯನ್ನು ಕೊಡುವವರೇ ಗೊತ್ತುಮಾಡುತ್ತಾರೆಯೇ, ಬಾರದಿದ್ದರೆ ಕಡಿತವಿದೆಯೇ, ಆ ವ್ಯಕ್ತಿಯ ಬದುಕು ಅದರ ಮೇಲೆಯೇ ನಿಂತಿದೆಯೇ ಎಂದು ಕೇಳುತ್ತದೆ. ಭಾರತದಲ್ಲಿ ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಕೊಡುವುದು ಗೌರವಧನ, ಅದು ವೇತನವಲ್ಲ, ಆದ್ದರಿಂದ ಗ್ರಾಚ್ಯುಟಿ ಸಲ್ಲುವುದಿಲ್ಲ ಎಂಬ ವಾದ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. 2022ರ ಏಪ್ರಿಲ್‌ನಲ್ಲಿ ಕೋರ್ಟು ಆ ವಾದವನ್ನು ತಳ್ಳಿಹಾಕಿತು. 1972ರ ಗ್ರಾಚ್ಯುಟಿ ಪಾವತಿ ಕಾಯ್ದೆಯ ಮಟ್ಟಿಗೆ ಆ ಹಣ ವೇತನವೇ, ಗ್ರಾಚ್ಯುಟಿ ಸಲ್ಲಬೇಕು ಎಂದಿತು. ವರ್ಷಗಟ್ಟಲೆ ದಿನವೂ ದುಡಿಯುವ ಹೆಣ್ಣುಮಕ್ಕಳ ಸಂಪಾದನೆಯನ್ನು ಕೃತಜ್ಞತೆಯ ಕಾಣಿಕೆಯೆಂದು ಕರೆಯುವುದು ಅನ್ಯಾಯ ಎಂದು ನಾನು ತಿಳಿದಿದ್ದೇನೆ. ಅಮೆರಿಕದ ಕಾರ್ಮಿಕ ನಿಯಮಗಳಲ್ಲೂ ಹೋಲುವ ಗೆರೆಯೊಂದಿದೆ. ಸರಕಾರಿ ಸಂಸ್ಥೆಗಳಲ್ಲಿ ಸ್ವಯಂಸೇವಕರಾಗಿ ದುಡಿಯುವವರಿಗೆ ನಾಮಮಾತ್ರದ ಹಣ ಕೊಡಬಹುದು, ಆದರೆ ಅದು ಎಷ್ಟು ಕೆಲಸ ಮಾಡಿದರು ಎಂಬುದಕ್ಕೆ ತಕ್ಕಂತೆ ಏರಿಳಿಯಬಾರದು. ಅದೇ ಕೆಲಸಕ್ಕೆ ಪೂರ್ಣಾವಧಿ ನೌಕರರಿಗೆ ಸಲ್ಲುವುದರ ಶೇ. 20ನ್ನು ಮೀರಿದರೆ ಅದು ನಾಮಮಾತ್ರದ್ದಲ್ಲ ಎಂಬ ಅಳತೆಯನ್ನೂ ಅಲ್ಲಿನ ಕಾರ್ಮಿಕ ಇಲಾಖೆ ಬಳಸುತ್ತದೆ.

ತೆರಿಗೆಯ ವಿಷಯವೂ ಹಾಗೆಯೇ. ಪ್ರೀತಿಯಿಂದ ಕೊಟ್ಟದ್ದು, ತೆರಿಗೆ ಯಾಕೆ ಎಂದು ಕೇಳುವವರಿದ್ದಾರೆ. ಕೆಲಸವೊಂದು ನಡೆದು ಅದರ ಕಾರಣಕ್ಕೆ ಹಣ ಬಂದಿದ್ದರೆ ಹೆಚ್ಚಿನ ದೇಶಗಳಲ್ಲಿ ಅದು ವರಮಾನವೇ, ಮೊತ್ತ ಎಷ್ಟೇ ಚಿಕ್ಕದಿರಲಿ. ನಗದಿನ ಬದಲು ಗಿಫ್ಟ್ ಕಾರ್ಡ್ ಕೊಟ್ಟರೂ ಲೆಕ್ಕ ಬದಲಾಗುವುದಿಲ್ಲ. ಇತರ ವರಮಾನದ ಜೊತೆ ಅದನ್ನೂ ಬರೆದಿಟ್ಟುಕೊಳ್ಳುವ ಅಭ್ಯಾಸ ಒಳ್ಳೆಯದು.

ಹಣ ಕೊಡುವವರಿಗೆ ಆ ವ್ಯಕ್ತಿಯಿಂದ ನಾಳೆ ಆಗಬೇಕಾದದ್ದು ಏನಾದರೂ ಇದ್ದರೆ ಚಿತ್ರವೇ ಬದಲಾಗುತ್ತದೆ. ಶಾಸಕರೊಬ್ಬರು ಒಂದು ಉದ್ಯಮದ ಸಭೆಯಲ್ಲಿ ಅರ್ಧ ಗಂಟೆ ಮಾತಾಡಿ ದೊಡ್ಡ ಮೊತ್ತ ಪಡೆದರೆ, ಮಾತಿಗೆ ಸಂದದ್ದು ಎಷ್ಟು, ಮುಂದಿನ ಮತಕ್ಕೆ ಸಂದದ್ದು ಎಷ್ಟು ಎಂದು ಬೇರ್ಪಡಿಸುವುದು ಹೇಗೆ? ಅಮೆರಿಕದಲ್ಲಿ ಸಂಸದರು ಪಡೆಯಬಹುದಾದ ಭಾಷಣದ ಗೌರವಧನಕ್ಕೆ ಮಿತಿ ಇತ್ತು. ಆ ಮಿತಿಯನ್ನು ತಪ್ಪಿಸಿಕೊಳ್ಳಲು ತಮ್ಮ ಪುಸ್ತಕವನ್ನು ಸಗಟಾಗಿ ಮಾರಿಸಿದರೆಂಬ ಆರೋಪ ಪ್ರತಿನಿಧಿ ಸಭೆಯ ಸಭಾಧ್ಯಕ್ಷ ಜಿಮ್ ರೈಟ್ ಅವರ ಮೇಲೆ ಬಂದಿತು. ಅದೂ ಸೇರಿದಂತೆ ಹಲವು ಆರೋಪಗಳ ನಡುವೆ 1989ರಲ್ಲಿ ಅವರು ರಾಜೀನಾಮೆ ಕೊಟ್ಟರು. ಅದೇ ವರ್ಷ ನೀತಿ ಸುಧಾರಣಾ ಕಾಯ್ದೆ ಬಂದಿತು. ಭಾಷಣಕ್ಕೆ, ಸಭೆಯಲ್ಲಿ ಕಾಣಿಸಿಕೊಂಡದ್ದಕ್ಕೆ, ಲೇಖನಕ್ಕೆ ಗೌರವಧನ ಪಡೆಯುವುದನ್ನು ಅದು ಸಂಸದರಿಗೆ ಮಾತ್ರವಲ್ಲ, ಕೇಂದ್ರ ಸರಕಾರದ ಬಹುಪಾಲು ನೌಕರರಿಗೂ ನಿಷೇಧಿಸಿತು.

ನಿಷೇಧದ ಬಲೆಯಲ್ಲಿ ಸಿಕ್ಕಿಕೊಂಡವರ ಪಟ್ಟಿ ನೋಡಿದರೆ ಮನಸ್ಸು ಮುದುಡುತ್ತದೆ. ಅಂಚೆ ಇಲಾಖೆಯ ನೌಕರರೊಬ್ಬರು ಕ್ವೇಕರ್ ಎಂಬ ಕ್ರೈಸ್ತ ಪಂಥದ ಬಗ್ಗೆ ಉಪನ್ಯಾಸ ಕೊಡುತ್ತಿದ್ದರು. ಬಾಹ್ಯಾಕಾಶ ಕೇಂದ್ರದ ಎಂಜಿನಿಯರೊಬ್ಬರು ಕಪ್ಪು ಜನರ ಇತಿಹಾಸದ ಬಗ್ಗೆ ಮಾತಾಡಿ ಪ್ರತಿ ಉಪನ್ಯಾಸಕ್ಕೆ 100 ಡಾಲರ್ ಪಡೆಯುತ್ತಿದ್ದರು. ಔಷಧ ನಿಯಂತ್ರಣ ಇಲಾಖೆಯ ಸೂಕ್ಷ್ಮಜೀವಿ ವಿಜ್ಞಾನಿಯೊಬ್ಬರು ನೃತ್ಯ ವಿಮರ್ಶೆ ಮಾಡುತ್ತಿದ್ದರು, ತೆರಿಗೆ ಇಲಾಖೆಯವರೊಬ್ಬರು ಪರಿಸರದ ಬಗ್ಗೆ ಬರೆಯುತ್ತಿದ್ದರು. ಇವರ ಕಚೇರಿ ಕೆಲಸಕ್ಕೂ ಈ ಹಣಕ್ಕೂ ಯಾವ ನಂಟೂ ಇರಲಿಲ್ಲ. 1995ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಮೇಲಿನ ಶ್ರೇಣಿಗಳಲ್ಲಿಲ್ಲದ ಇಂಥ ನೌಕರರ ಮೇಲಿನ ನಿಷೇಧ ಅವರ ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ತೀರ್ಪು ಕೊಟ್ಟಿತು. ಚಿಕ್ಕ ಮೊತ್ತವಾದರೂ ಅದನ್ನು ಕಿತ್ತುಕೊಂಡರೆ ಬರೆಯುವ, ಮಾತಾಡುವ ಉತ್ಸಾಹವೇ ಕುಗ್ಗುತ್ತದೆ ಎಂಬುದು ಆ ತೀರ್ಪಿನ ಹುರುಳು. ಗೌರವಧನವನ್ನು ಜುಜುಬಿ ಹಣವೆಂದು ತಳ್ಳಿಹಾಕುವವರು ಈ ತೀರ್ಪನ್ನು ನೆನಪಿಡಬೇಕು.

ವೈದ್ಯಕೀಯದಲ್ಲಿ ಬೇರೊಂದು ದಾರಿ ಹಿಡಿದಿದ್ದಾರೆ. ಔಷಧ ಕಂಪನಿಗಳು ವೈದ್ಯರನ್ನು ಭಾಷಣಕ್ಕೆ ಕರೆದು ಹಣ ಕೊಡುವುದನ್ನು ನಿಲ್ಲಿಸುವ ಬದಲು, ಕೊಟ್ಟದ್ದನ್ನೆಲ್ಲ ಬಹಿರಂಗಪಡಿಸಬೇಕೆಂದು ಅಮೆರಿಕ 2010ರಲ್ಲಿ ಕಾನೂನು ಮಾಡಿತು. 2014ರಿಂದ ಆ ಮಾಹಿತಿ ಸಾರ್ವಜನಿಕರಿಗೆ ಸಿಗುತ್ತಿದೆ, ಅದರಲ್ಲಿ ಗೌರವಧನಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ರೋಗಿಯೊಬ್ಬರು ತಮ್ಮ ವೈದ್ಯರ ಹೆಸರು ಹುಡುಕಿ ನೋಡಬಹುದು. ಎಲ್ಲರ ಕಣ್ಣಮುಂದೆ ತೆಗೆದುಕೊಳ್ಳಲು ಸಂಕೋಚವಾಗುವ ಗೌರವಧನವನ್ನು ಮುಚ್ಚಿಟ್ಟುಕೊಂಡೂ ತೆಗೆದುಕೊಳ್ಳಬಾರದು ಎಂಬ ಅಳತೆ ನನಗೆ ಸರಿಯೆನಿಸುತ್ತದೆ.

ದೇಶದ ಗಡಿ ದಾಟಿ ಹೋಗುವವರು ವೀಸಾದ ಷರತ್ತನ್ನು ಹೊರಡುವ ಮೊದಲೇ ಓದಬೇಕು. ಭೇಟಿಯ ವೀಸಾದಲ್ಲಿ ಹೋಗಿ ಹಣ ಪಡೆಯುವುದನ್ನು ಅನೇಕ ದೇಶಗಳು ಕೆಲಸ ಮಾಡಿದಂತೆಯೇ ಎಣಿಸುತ್ತವೆ. ಅಮೆರಿಕ 1998ರಲ್ಲಿ ವಿದ್ವಾಂಸರಿಗಾಗಿ ಒಂದು ವಿನಾಯಿತಿ ಕೊಟ್ಟಿತು. ವಿಶ್ವವಿದ್ಯಾಲಯ ಅಥವಾ ಲಾಭದಾಸೆಯಿಲ್ಲದ ಸಂಶೋಧನಾ ಸಂಸ್ಥೆಯಂಥ ಕಡೆ, ಒಂದೊಂದು ಸಂಸ್ಥೆಯಲ್ಲಿ 9 ದಿನ ಮೀರದಂತೆ, 6 ತಿಂಗಳಲ್ಲಿ 5 ಸಂಸ್ಥೆಗಳನ್ನು ಮೀರದಂತೆ ಉಪನ್ಯಾಸ ಕೊಟ್ಟರೆ ಗೌರವಧನ ಪಡೆಯಬಹುದು. ತೆರಿಗೆ ಅದಕ್ಕೆ ಬೇರೆಯೇ ಲೆಕ್ಕ. ಕೆನಡಾದಲ್ಲಿ ಸೇವೆ ಕೊಟ್ಟ ಹೊರದೇಶದವರಿಗೆ ಹಣ ಕೊಡುವಾಗ ಸಾಮಾನ್ಯವಾಗಿ ಶೇ. 15ನ್ನು ಮೊದಲೇ ಹಿಡಿದುಕೊಳ್ಳುತ್ತಾರೆ. ಅಮೆರಿಕದಲ್ಲಿ ಎರಡು ದೇಶಗಳ ನಡುವಿನ ತೆರಿಗೆ ಒಪ್ಪಂದದ ಲಾಭ ಸಿಗದಿದ್ದರೆ ಶೇ. 30 ಹೋಗಬಹುದು. ಪತ್ರದಲ್ಲಿ ಬರೆದ ಮೊತ್ತ ಕಡಿತಕ್ಕೆ ಮೊದಲಿನದೋ ನಂತರದ್ದೋ ಎಂದು ಆಹ್ವಾನಿಸಿದವರು ತಿಳಿಸದಿದ್ದರೆ ಅತಿಥಿಗೆ ಅದು ಗೊತ್ತಾಗುವುದು ಬ್ಯಾಂಕಿನ ಲೆಕ್ಕದಲ್ಲೇ.

ಇಷ್ಟೆಲ್ಲ ನೋಡಿದ ಮೇಲೆ ಹೊಣೆ ಯಾರ ಮೇಲೆ ಬೀಳುತ್ತದೆ ಎಂಬುದು ಸ್ಪಷ್ಟ. ಪಡೆಯುವವರು ಹಕ್ಕಿನಿಂದ ಕೇಳುವಂತಿಲ್ಲ ಎಂದಾದರೆ, ಕೇಳುವ ಪ್ರಸಂಗವೇ ಬಾರದಂತೆ ನೋಡಿಕೊಳ್ಳಬೇಕಾದವರು ಕೊಡುವವರು. ಕರೆಯುವ ಮೊದಲ ಪತ್ರದಲ್ಲೇ ಮೊತ್ತವನ್ನು ಅಂಕಿಯಲ್ಲಿ ಬರೆಯಿರಿ. ಕೊಡುವ ದಿನ, ಕೊಡುವ ರೂಪ, ತೆರಿಗೆ ಕಡಿತ, ಪ್ರಯಾಣದ ಖರ್ಚಿನ ವ್ಯವಸ್ಥೆ, ಯಾವ ದಾಖಲೆ ಬೇಕು ಎಂಬುದೆಲ್ಲ ಅಲ್ಲೇ ಇರಲಿ. ಹಣ ಕೊಡಲು ಆಗುವುದಿಲ್ಲವೆಂದಾದರೆ ಅದನ್ನೂ ನೇರವಾಗಿ ಬರೆಯಿರಿ. ‘ನಮ್ಮಲ್ಲಿ ಹಣವಿಲ್ಲ, ಆದರೂ ನೀವು ಬಂದರೆ ಸಂತೋಷ’ ಎಂಬ ಪತ್ರಕ್ಕೆ ಬಹಳ ಜನ ಖುಷಿಯಿಂದ ಒಪ್ಪುತ್ತಾರೆ. ‘ಸೂಕ್ತ ಗೌರವಧನ’ ಎಂದು ಬರೆದು ಸುಮ್ಮನಾಗುವುದು ಇವೆರಡಕ್ಕಿಂತಲೂ ಕೆಟ್ಟದ್ದು. ಹೀಗೆ ಮೊತ್ತ ಬರೆದು ಒಪ್ಪಿಗೆ ಪಡೆದ ಮೇಲೆ ಆ ಪತ್ರಕ್ಕೆ ಕರಾರಿನ ಬಲ ಬರಬಹುದು ಎಂದು ಕೆಲವು ಖಜಾಂಚಿಗಳು ಹಿಂಜರಿಯುತ್ತಾರೆ. ಬರಲಿ. ಕೊಡುತ್ತೇವೆಂದು ಹೇಳಿದ್ದನ್ನು ಕೊಡಬೇಕಾಗಿ ಬರುವುದರಲ್ಲಿ ಹೆದರುವಂಥದ್ದೇನಿದೆ?

ಮೊತ್ತ ಎಷ್ಟಿರಬೇಕು ಎಂಬುದಕ್ಕೆ ಸೂತ್ರವಿಲ್ಲ. ವೇದಿಕೆಯ ಮೇಲಿನ ನಲವತ್ತು ನಿಮಿಷ ಮಾತ್ರ ಕಣ್ಣಿಗೆ ಕಾಣುತ್ತದೆ. ತಯಾರಿಯ ದಿನಗಳು, ಪ್ರಯಾಣದಲ್ಲಿ ಹೋದ ಸಮಯ, ಅದಕ್ಕಾಗಿ ಬಿಟ್ಟ ಬೇರೆ ದುಡಿಮೆ ಕಾಣುವುದಿಲ್ಲ. ಅವನ್ನೂ ಎಣಿಸಿ. ಒಂದೇ ಗೋಷ್ಠಿಯಲ್ಲಿ ಕೂತವರಿಗೆ ಒಂದೇ ಮೊತ್ತ ಕೊಡಿ; ಕೊಡಲಾಗದಿದ್ದರೆ ವ್ಯತ್ಯಾಸದ ಕಾರಣ ಎಲ್ಲರೆದುರು ಹೇಳಬಲ್ಲಂಥದ್ದಾಗಿರಲಿ. ಸರಕಾರದ ನೆರವಿನ ಮೇಲೆ ಬದುಕುವವರನ್ನು ಕರೆಯುವಾಗ ಇನ್ನಷ್ಟು ಎಚ್ಚರ ಬೇಕು, ಏಕೆಂದರೆ ವರಮಾನ ನೋಡಿ ಕೊಡುವ ನೆರವು ಒಂದು ಚಿಕ್ಕ ಗೌರವಧನದಿಂದಲೂ ನಿಂತುಹೋಗುವ ಅಪಾಯವಿದೆ. ಯಾವ ರೂಪದಲ್ಲಿ, ಯಾವಾಗ ಕೊಟ್ಟರೆ ತೊಂದರೆಯಾಗದು ಎಂದು ಅವರನ್ನೇ ಕೇಳಿ ತಿಳಿಯಿರಿ. ಮತ್ತು ಹಣವನ್ನು ತಡಮಾಡದೆ ಕೊಡಿ. ತಿಂಗಳುಗಳ ನಂತರ, ಮೂರು ಸಲ ನೆನಪಿಸಿದ ಮೇಲೆ ಬರುವ ಹಣದಲ್ಲಿ ಕೃತಜ್ಞತೆಯ ಗುರುತು ಉಳಿದಿರುವುದಿಲ್ಲ.

ಇನ್ನು ಆಹ್ವಾನ ಪಡೆದವರಿಗೆ ಒಂದು ಮಾತು: ಪತ್ರದಲ್ಲಿ ಮೊತ್ತವಿಲ್ಲದಿದ್ದರೆ ಒಪ್ಪಿಗೆ ಕೊಡುವ ಮೊದಲು ಕೇಳಿ. ‘ಗೌರವಧನದ ಮೊತ್ತ ಮತ್ತು ಪ್ರಯಾಣದ ವ್ಯವಸ್ಥೆ ತಿಳಿಸಿದರೆ ನಿರ್ಧರಿಸಲು ಅನುಕೂಲ’ ಎಂದು ಬರೆಯುವುದರಲ್ಲಿ ಅಗೌರವ ಏನೂ ಇಲ್ಲ. ಉಲ್ಪಿಯನ್‌ನ ಅಳುಕು ಅವನ ಕಾಲಕ್ಕೆ ಇರಲಿ. ಒಪ್ಪಿಕೊಂಡ ಮೇಲೆ ಕೇಳುವುದು ಮಾತ್ರ ಇಬ್ಬರಿಗೂ ಮುಜುಗರ.

ಗೌರವಧನ ಬೇಡವೆನ್ನುವವರೂ ಇದ್ದಾರೆ. ಕೆಲವರಿಗೆ ಅವರ ನೌಕರಿಯ ನಿಯಮವೇ ಬಿಡುವುದಿಲ್ಲ, ಕೆಲವರಿಗೆ ಅಗತ್ಯವಿರುವುದಿಲ್ಲ. ಬೇಡವೆನ್ನುವುದನ್ನು ಕೆಲಸಕ್ಕೆ ಮೊದಲೇ ಬರೆದು ತಿಳಿಸಬೇಕು. ನನ್ನ ಹಣವನ್ನು ಇಂಥ ದತ್ತಿಗೆ ಕೊಡಿ ಎಂದು ನಂತರ ಹೇಳಿದರೆ, ಹಲವು ದೇಶಗಳ ತೆರಿಗೆ ಇಲಾಖೆಗಳು ಅದನ್ನು ನೀವು ಪಡೆದು ನೀವೇ ದಾನ ಮಾಡಿದಿರಿ ಎಂದೇ ಲೆಕ್ಕ ಹಾಕುತ್ತವೆ. ಇನ್ನೊಂದು ಮಾತು, ಇದನ್ನು ಒತ್ತಿ ಹೇಳಬೇಕು. ವೇದಿಕೆಯ ಮೇಲೆ ಎಲ್ಲರ ಎದುರು ಲಕೋಟೆಯನ್ನು ಹಿಂದಿರುಗಿಸಿದರೆ ಚಪ್ಪಾಳೆ ಬೀಳುತ್ತದೆ. ಪಕ್ಕದಲ್ಲಿ ಕೂತವರಿಗೆ ಆ ತಿಂಗಳ ಬಾಡಿಗೆಗೆ ಅದೇ ಹಣ ಬೇಕಾಗಿರಬಹುದು, ಆ ಚಪ್ಪಾಳೆಯ ನಡುವೆ ಅವರು ತಮ್ಮ ಲಕೋಟೆ ಇಟ್ಟುಕೊಳ್ಳುವುದು ಹೇಗೆ? ಮುಂದಿನ ವರ್ಷದ ಆಯವ್ಯಯ ಬರೆಯುವಾಗ ‘ಹೋದ ಸಲ ಬೇಡವೆಂದರಲ್ಲ’ ಎಂದು ಆ ಬಾಬ್ತನ್ನೇ ತೆಗೆದುಹಾಕುವ ಸಮಿತಿಗಳೂ ಇರುತ್ತವೆ. ಆದ್ದರಿಂದ ಬೇಡವೆನ್ನುವವರು ಸಂಘಟಕರಿಗೆ ಮಾತ್ರ, ಖಾಸಗಿಯಾಗಿ ಹೇಳಲಿ. ಉಳಿದ ಹಣವನ್ನು ಅದೇ ಕಾರ್ಯಕ್ರಮದ ಇನ್ನೊಬ್ಬ ಭಾಷಣಕಾರರ ಪ್ರಯಾಣಕ್ಕೋ ಮುಂದಿನ ಗೋಷ್ಠಿಯ ಗೌರವಧನಕ್ಕೋ ಮೀಸಲಿಡಿ ಎಂದು ಪತ್ರದಲ್ಲೇ ಬರೆಯಲಿ.